ಬಿಚ್ಚುವ ವಿಧಾನವನ್ನು ಹಿಂದಿನಿಂದ ಓದಿ: ಮನೆಯಲ್ಲೇ ಕಾರು ಕಟ್ಟಿದವರ ಕಥೆ

ಇವತ್ತಿನ ಮಾತು ಒಂದು ಕಾರಿನ ಬಗ್ಗೆ. ಆದರೆ ಇದು ಕಾರ್ ರಿವ್ಯೂ ಅಲ್ಲ, ಮೈಲೇಜ್ ಎಷ್ಟು ಅಂತ ದಯವಿಟ್ಟು ಕೇಳಬೇಡಿ. ಎಂದಿನ ಹಾಗೆ ಇತಿಹಾಸವೇ.

1957ರ ಇಂಗ್ಲೆಂಡು. ಲೋಟಸ್ ಅನ್ನೋ ಚಿಕ್ಕ ಕಂಪನಿ ಸೆವೆನ್ ಅನ್ನೋ ಎರಡು ಸೀಟಿನ ಕಾರನ್ನು ಮಾರುಕಟ್ಟೆಗೆ ತಂತು. ಅದಕ್ಕೆ ಎರಡು ಬೆಲೆ. ಜೋಡಿಸಿದ ಪೂರ್ತಿ ಕಾರು ಬೇಕು ಅಂದ್ರೆ 1,036 ಪೌಂಡ್. ಬಿಡಿಭಾಗಗಳ ರೂಪದಲ್ಲಿ ತಗೊಂಡು ನೀವೇ ಜೋಡಿಸಿಕೊಳ್ತೀರಿ ಅಂದ್ರೆ 536 ಪೌಂಡ್. ಅದೇ ಕಾರು, ಅದೇ ನಟ್ಟು, ಅದೇ ಬೋಲ್ಟು. ಬೆಲೆ ಮಾತ್ರ ಹೆಚ್ಚೂಕಮ್ಮಿ ಅರ್ಧ. ಸ್ಪಾನರ್ ಹಿಡಿದು ಅಭ್ಯಾಸ ಇಲ್ಲದ ಎಷ್ಟೋ ಜನ ಈ ಎರಡನೇ ಬೆಲೆ ಕೊಟ್ಟು, ಡಬ್ಬಗಳನ್ನು ಮನೆಗೆ ತಂದು, ಕಾರು ಕಟ್ಟಿ ರಸ್ತೆಗೆ ಇಳಿಸಿದ್ರು.

ಹೀಗೆ ಯಾಕಾಯ್ತು? ಆಮೇಲೆ ಆ 500 ಪೌಂಡ್ ಉಳಿತಾಯ ಇಲ್ಲವಾದ ಮೇಲೂ ಜನ ಯಾಕೆ ಕಟ್ಟೋದನ್ನ ನಿಲ್ಲಿಸಲಿಲ್ಲ? ಇವೆರಡು ಇವತ್ತಿನ ಪ್ರಶ್ನೆ. ಕೊನೆಯಲ್ಲಿ ನಮ್ಮ ದೇಶಕ್ಕೂ ಒಂದು ಸುತ್ತು ಬರೋಣ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನನ್ನ ಡಿಗ್ರಿ ಸರ್ಟಿಫಿಕೇಟಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಅಂತಿದೆ. ಕ್ಯಾಂಪಸ್‌ನಿಂದ ಸೀದಾ ಪುಣೆಗೆ ಬಂದು ಇಷ್ಟು ವರ್ಷ ಹಿಂಜವಡಿಯಲ್ಲಿ ಕೋಡ್ ಬರೀತಿದ್ದೀನಿ. ನಾನು ಕೈಯಾರೆ ಒಂದು ಇಂಜಿನ್ ಇಳಿಸಿದವನಲ್ಲ. ನಿಮ್ಮಲ್ಲಿ ಅರ್ಧ ಜನ ಈಗ ನಗ್ತಿದ್ದೀರಿ, ಯಾಕಂದ್ರೆ ನಿಮ್ಮ ಕಥೆಯೂ ಇದೇ.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಕೈಯಲ್ಲಿ ಕಾಸಿರಲಿಲ್ಲ. ಹೊಸ ಕಾರುಗಳನ್ನ ಆದಷ್ಟು ರಫ್ತು ಮಾಡಿ ಡಾಲರ್ ತರಬೇಕಿತ್ತು. ಊರಲ್ಲೇ ಇದ್ದವರಿಗೆ ಸಿಗ್ತಿದ್ದದ್ದು ಯುದ್ಧಕ್ಕೆ ಮುಂಚಿನ ಹಳೇ ಗಾಡಿಗಳು. ಅದರಲ್ಲಿ ಆಸ್ಟಿನ್ ಸೆವೆನ್ ಮುಖ್ಯವಾದದ್ದು. 1922ರಿಂದ 1939ರವರೆಗೆ ತಯಾರಾದ ಪುಟ್ಟ ಕಾರು, ನಮ್ಮ ಮಾರುತಿ 800 ಥರ, ಮಧ್ಯಮ ವರ್ಗದ ಮೊದಲ ಕಾರು. ಗುಜರಿ ಬೆಲೆಗೆ ಸಿಗ್ತಿತ್ತು. ಜನ ಅದರ ಮೇಲಿನ ಬಾಡಿ ಕಿತ್ತುಹಾಕಿ, ಹಗುರವಾದ ಬಾಡಿ ಕೂರಿಸಿ, ಭಾನುವಾರದ ರೇಸಿಗೆ ತಗೊಂಡು ಹೋಗ್ತಿದ್ರು. ಇಂಥ ಗಾಡಿಗಳಿಗೆ ಅಲ್ಲಿ ಸ್ಪೆಷಲ್ ಅಂತ ಹೆಸರು. ಇವರಿಗಾಗಿಯೇ 750 ಮೋಟರ್ ಕ್ಲಬ್ ಅಂತ ಒಂದು ಸಂಘ 1939ರಿಂದ ಇತ್ತು.

ಆ ಹುಡುಗರಲ್ಲಿ ಒಬ್ಬ ಕಾಲಿನ್ ಚಾಪ್‌ಮನ್. ಹುಟ್ಟಿದ್ದು 1928ರಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಸಿವಿಲ್ ಇಂಜಿನಿಯರಿಂಗ್. ಗಮನಿಸಿ, ಆಟೊಮೊಬೈಲ್ ಅಲ್ಲ, ಸಿವಿಲ್. 1948ರಲ್ಲಿ ತನ್ನ ಗೆಳತಿ ಹೇಜಲ್‌ಳ ಅಪ್ಪ ಅಮ್ಮನ ಮನೆ ಹಿಂದಿದ್ದ ಶೆಡ್ಡಿನಲ್ಲಿ ಒಂದು ಹಳೇ ಆಸ್ಟಿನ್ ಸೆವೆನ್ ಇಟ್ಟುಕೊಂಡು ತನ್ನ ಮೊದಲ ಕಾರು ಕಟ್ಟಿದ. 1952ರಲ್ಲಿ ಲೋಟಸ್ ಇಂಜಿನಿಯರಿಂಗ್ ಶುರುವಾಯ್ತು. ಬಂಡವಾಳ ಅಂದ್ರೆ ಅದೇ ಹೇಜಲ್ ಕೊಟ್ಟ 25 ಪೌಂಡ್ ಸಾಲ ಅಂತ ಹೇಳ್ತಾರೆ. ಕಾರ್ಖಾನೆ ಅಂದ್ರೆ ಚಾಪ್‌ಮನ್‌ನ ಅಪ್ಪ ನೋಡಿಕೊಳ್ತಿದ್ದ ಹೋಟೆಲಿನ ಹಿಂದಿದ್ದ ಹಳೇ ಕುದುರೆ ಲಾಯ. ಮುಂದೆ ಫಾರ್ಮುಲಾ ಒನ್ ಚಾಂಪಿಯನ್‌ಶಿಪ್‌ಗಳನ್ನ ಗೆದ್ದ ಕಂಪನಿ ಇದೇ.

ಸಿವಿಲ್ ಓದಿದ್ದು ವ್ಯರ್ಥ ಆಗಲಿಲ್ಲ. ರೈಲ್ವೆ ಸೇತುವೆ ನೆನಪು ಮಾಡಿಕೊಳ್ಳಿ. ತೆಳ್ಳನೆ ಕಂಬಿಗಳು ತ್ರಿಕೋನ ತ್ರಿಕೋನವಾಗಿ ಜೋಡಿಸಿಕೊಂಡು ಇಡೀ ರೈಲಿನ ಭಾರ ಹೊರ್ತಾವೆ. ಒಂದು ಚೌಕವನ್ನು ಮೂಲೆ ಹಿಡಿದು ತಳ್ಳಿದ್ರೆ ವಾರೆಯಾಗುತ್ತೆ. ತ್ರಿಕೋನ ಹಾಗೆ ಬಗ್ಗಲ್ಲ. ಚಾಪ್‌ಮನ್ 1952ರ ತನ್ನ ಮಾರ್ಕ್ ಸಿಕ್ಸ್ ಕಾರನ್ನ ಇದೇ ಲೆಕ್ಕದಲ್ಲಿ ಕಟ್ಟಿದ. ಉಕ್ಕಿನ ಕೊಳವೆಗಳ ಒಂದು ಪಂಜರ, ಅದಕ್ಕೆ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡು. ಆ ತಗಡು ಬರೀ ಮುಚ್ಚಳ ಅಲ್ಲ, ಅದೂ ಬಲ ಕೊಡುತ್ತೆ. ಬರೀ ಪಂಜರದ ತೂಕ ಸುಮಾರು 25 ಕೆಜಿ. ಅಂದ್ರೆ ಒಂದು ಸೋನಾ ಮಸೂರಿ ಅಕ್ಕಿ ಮೂಟೆ! ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಸಾಧಾರಣ ಫೋರ್ಡ್ ಕಾರಿನವು. ಇದನ್ನೇ ಬೆಳೆಸಿ ಮಾಡಿದ್ದು 1957ರ ಸೆವೆನ್. ಸರಿಯಾದ ಬಾಗಿಲಿಲ್ಲ, ಗಟ್ಟಿ ಛಾವಣಿ ಇಲ್ಲ, ಡಿಕ್ಕಿ ಅನ್ನೋದು ನಾಮಕಾವಾಸ್ತೆ. 1,172 ಸಿಸಿ ಫೋರ್ಡ್ ಇಂಜಿನ್, 40 ಕುದುರೆ ಶಕ್ತಿ. ಇಷ್ಟು ಕಡಿಮೆ ಶಕ್ತಿಯ ಕಾರು ಹೇಗೆ ಸ್ಪೋರ್ಟ್ಸ್ ಕಾರ್ ಆಯ್ತು ಅಂದ್ರೆ, ಅದರ ತೂಕ ಅರ್ಧ ಟನ್ನಿಗೂ ಕಡಿಮೆ. ಮಾರುತಿ 800 ಸುಮಾರು 650 ಕೆಜಿ ಇತ್ತು, ಹೋಲಿಸಿ ನೋಡಿ.

ಈಗ ಬೆಲೆಯ ಪ್ರಶ್ನೆಗೆ ಬರೋಣ. ಯುದ್ಧದ ಮಧ್ಯೆ, 1940ರಲ್ಲಿ, ಬ್ರಿಟಿಷ್ ಸರ್ಕಾರ ಪರ್ಚೇಸ್ ಟ್ಯಾಕ್ಸ್ ಅಂತ ಒಂದು ತೆರಿಗೆ ತಂತು. ಜನ ಐಷಾರಾಮಿ ಸಾಮಾನಿಗೆ ದುಡ್ಡು ಸುರಿಯಬಾರದು, ಕಾರ್ಖಾನೆಗಳು ಯುದ್ಧಕ್ಕೆ ದುಡೀಬೇಕು ಅನ್ನೋದು ಉದ್ದೇಶ. ಯುದ್ಧ ಮುಗೀತು, ತೆರಿಗೆ ಮುಗೀಲಿಲ್ಲ. ತೆರಿಗೆಗಳ ಹಣೆಬರಹವೇ ಹಾಗೆ. ಹೊಸ ಕಾರಿನ ಮೇಲೆ ಅದು ಭಾರಿಯಾಗಿ ಬೀಳ್ತಿತ್ತು. ಆದರೆ ಕಾರನ್ನು ಬಿಡಿಭಾಗಗಳಾಗಿ ಮಾರಿದ್ರೆ ಬೀಳ್ತಿರಲಿಲ್ಲ, ಯಾಕಂದ್ರೆ ಕಾನೂನಿನ ಕಣ್ಣಿಗೆ ಅದು ಇನ್ನೂ ಕಾರು ಆಗಿಲ್ಲ. ಲೋಟಸ್ ಒಂದೇ ಅಲ್ಲ, ಟಿವಿಆರ್, ಜಿನೆಟ್ಟಾ, ಮಾರ್ಕೋಸ್ ಅನ್ನೋ ಚಿಕ್ಕ ಚಿಕ್ಕ ಕಂಪನಿಗಳೆಲ್ಲ ಈ ಕಿಂಡಿಯಲ್ಲೇ ಬೆಳೆದವು.

ಈ ಲೆಕ್ಕ ನಮಗೂ ಹೊಸದಲ್ಲ. ಪುಣೆ ಹತ್ತಿರದ ಚಾಕಣದಲ್ಲಿ ಮರ್ಸಿಡಿಸ್, ಚೆನ್ನೈ ಹತ್ತಿರ ಬಿಎಂಡಬ್ಲ್ಯು, ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿ ವೋಲ್ವೊ ಜೋಡಣೆ ಆಗುತ್ತೆ. ಪೂರ್ತಿ ಕಾರು ಆಮದು ಮಾಡಿದ್ರೆ ಸುಂಕ ಜಾಸ್ತಿ, ಬಿಡಿಭಾಗಗಳ ಕಿಟ್ ತಂದು ಇಲ್ಲಿ ಜೋಡಿಸಿದ್ರೆ ಕಡಿಮೆ. ಸಿಕೆಡಿ ಅಂತಾರಲ್ಲ, ಅದೇ. ವ್ಯತ್ಯಾಸ ಒಂದೇ. ನಮ್ಮಲ್ಲಿ ಆ ರಿಯಾಯಿತಿ ಕಾರ್ಖಾನೆಗೆ ಸಿಕ್ಕಿತು. ಅಲ್ಲಿ ಅದು ಮನೆ ಪಕ್ಕ ಒಂದು ಶೆಡ್ ಇದ್ದ ಗುಮಾಸ್ತನಿಗೆ ಸಿಕ್ಕಿತು.

ಕಿಂಡಿಗೆ ಒಂದು ಷರತ್ತಿತ್ತು. ಜೋಡಿಸೋನು ಕೊಂಡವನೇ ಆಗಬೇಕು. ಕಿಟ್ ಜೊತೆ ಜೋಡಣೆಯ ಸೂಚನೆ ಕೊಡೋ ಹಾಗಿಲ್ಲ. ಕೊಟ್ರೆ ಅದು ಪೂರ್ತಿ ಕಾರು ಮಾರಿದ ಹಾಗೇ, ತೆರಿಗೆ ಕಟ್ಟಿ ಅಂತ. ಆಗ ಲೋಟಸ್ ಏನು ಮಾಡಿತು ಅನ್ನೋ ಕಥೆ ಕಾರು ಪ್ರಿಯರ ನಡುವೆ ಇವತ್ತಿಗೂ ಓಡಾಡುತ್ತೆ. ಜೋಡಿಸುವ ಸೂಚನೆ ಕೊಡಬಾರದು ಅಂತಿದೆ, ಬಿಚ್ಚುವ ಸೂಚನೆ ಕೊಡಬಾರದು ಅಂತ ಎಲ್ಲೂ ಇಲ್ಲ. ಅದಕ್ಕೆ ಕಾರನ್ನು ಹೇಗೆ ಬಿಚ್ಚಬೇಕು ಅನ್ನೋ ಪುಸ್ತಿಕೆ ಕೊಟ್ರಂತೆ. ಕೊಂಡವನು ಕೊನೇ ಪುಟದಿಂದ ಮೊದಲ ಪುಟಕ್ಕೆ ಓದಿಕೊಂಡು ಬಂದ್ರೆ ಆಯ್ತು. ಅನ್‌ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಉಲ್ಟಾ ಓಡಿಸಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದ ಹಾಗೆ!

ಕೇಳೋಕೆ ಸುಲಭ. ನಾನು ಹೋದ ದೀಪಾವಳಿಗೆ ಹುಬ್ಬಳ್ಳಿಗೆ ಹೋದಾಗ ಇದೇ ಧೈರ್ಯದಲ್ಲಿ ಅಪ್ಪನ ಹಳೇ ಚೇತಕ್ ಸ್ಕೂಟರಿನ ಕಾರ್ಬುರೇಟರ್ ಬಿಚ್ಚಿದೆ. ಒಂದೊಂದು ಹಂತಕ್ಕೂ ಮೊಬೈಲಲ್ಲಿ ಫೋಟೊ ತೆಗೆದೆ. ಆಮೇಲೆ ಫೋಟೊಗಳನ್ನ ಹಿಂದಿನಿಂದ ನೋಡ್ತಾ ಜೋಡಿಸಿದೆ. ಸ್ಕೂಟರ್ ಶುರುವಾಯ್ತು. ಆದರೆ ಪೇಪರ್ ಮೇಲೆ ಒಂದು ಸಣ್ಣ ವಾಷರ್ ಉಳಿದಿತ್ತು. ನಾನು ಖುಷಿಯಲ್ಲಿ ಒಂದು ರೌಂಡ್ ಹೊರಟರೆ ಅಪ್ಪ ಬಾಗಿಲಿಗೆ ಅಡ್ಡ ನಿಂತು, "ಆ ವಾಷರ್ ಎಲ್ಲೀದು ಅಂತ ಗೊತ್ತಾಗೋಮಟ ಗಾಡಿ ಹೊರಗ ತಗೀಬ್ಯಾಡ" ಅಂದ್ರು. ಅವತ್ತು ಸಾಯಂಕಾಲ ಎಲ್ಲಾನೂ ಮತ್ತೆ ಬಿಚ್ಚಿದೆ. ಈ ವಾಷರ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹೀಗೆ ಕಾನೂನು ಯಾವುದೋ ತೆರಿಗೆ ಲೆಕ್ಕಕ್ಕೆ ಹಾಕಿದ ಷರತ್ತು, ತನಗೇ ಗೊತ್ತಿಲ್ಲದ ಹಾಗೆ ಒಂದು ಜಾತಿಯ ಜನರನ್ನ ತಯಾರು ಮಾಡ್ತು. ತಮ್ಮ ಕಾರಿನ ಒಂದೊಂದು ಬೋಲ್ಟೂ ಎಲ್ಲಿ ಕೂತಿದೆ, ಯಾಕೆ ಕೂತಿದೆ ಅಂತ ಬಲ್ಲ ಜನ. 1967ರಲ್ಲಿ ಬಂದ ದಿ ಪ್ರಿಸನರ್ ಅನ್ನೋ ಟಿವಿ ಧಾರಾವಾಹಿಯ ನಾಯಕ ಓಡಿಸೋದು ಲೋಟಸ್ ಸೆವೆನ್. ಈ ಕಾರು ನನ್ನದೇ, ನನ್ನ ಕೈಯಿಂದಲೇ ಕಟ್ಟಿದ್ದು ಅಂತ ಅವನು ಒಂದು ಕಡೆ ಹೇಳಿಕೊಳ್ತಾನೆ. ಅಷ್ಟೊತ್ತಿಗೆ ಕಾರು ಕಟ್ಟೋದು ದುಡ್ಡು ಉಳಿಸೋ ಉಪಾಯ ಅನ್ನೋದನ್ನ ದಾಟಿ, ಹೆಮ್ಮೆಯಿಂದ ಹೇಳಿಕೊಳ್ಳೋ ವಿಷಯ ಆಗಿತ್ತು.

1973ರಲ್ಲಿ ಕಿಂಡಿ ಮುಚ್ಚಿತು. ಆ ವರ್ಷದ ಜನವರಿ 1ಕ್ಕೆ ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯ ಸೇರಿತು, ಏಪ್ರಿಲ್ 1ಕ್ಕೆ ಪರ್ಚೇಸ್ ಟ್ಯಾಕ್ಸ್ ಹೋಗಿ ವ್ಯಾಟ್ ಬಂತು. ವ್ಯಾಟ್‌ಗೆ ಪೂರ್ತಿ ಕಾರಾದರೇನು, ಡಬ್ಬದಲ್ಲಿರೋ ಕಾರಾದರೇನು, ಎಲ್ಲ ಒಂದೇ. ಚಾಪ್‌ಮನ್‌ಗೂ ಅಷ್ಟೊತ್ತಿಗೆ ದುಬಾರಿ ಕಾರುಗಳ ಕಡೆ ಮನಸ್ಸು ವಾಲಿತ್ತು. ಸೆವೆನ್ ಇನ್ನು ಬೇಡ ಅಂತ ಲೋಟಸ್ ಕೈಬಿಟ್ಟಿತು. ನಮ್ಮ ಲೆಕ್ಕದಲ್ಲಿ ಪ್ರಾಡಕ್ಟ್ ಎಂಡ್ ಆಫ್ ಲೈಫ್.

ಲಂಡನ್ನಿನ ದಕ್ಷಿಣಕ್ಕೆ, ಸರ್ರೆ ಕೌಂಟಿಯ ಕೇಟರ್‌ಹ್ಯಾಮ್ ಅನ್ನೋ ಊರಿನಲ್ಲಿ ಗ್ರಹಾಂ ನರ್ನ್ ಅಂತ ಒಬ್ಬ ಡೀಲರ್ ಇದ್ದರು. ವರ್ಷಗಳಿಂದ ಸೆವೆನ್ ಮಾರಿಕೊಂಡು ಬಂದವರು. ತಯಾರಿಸೋ ಹಕ್ಕನ್ನ ಅವರು ಲೋಟಸ್‌ನಿಂದ ಕೊಂಡರು. ತೆರಿಗೆ ಲಾಭ ಇಲ್ಲ, ಮೂಲ ಕಂಪನಿಯೇ ಬಿಟ್ಟು ಹೋಗಿದೆ, ಡಿಸೈನ್ ಹದಿನಾರು ವರ್ಷ ಹಳೇದು. ಆದರೂ ಜನ ಬಂದ್ರು. ಐವತ್ತು ವರ್ಷ ದಾಟಿದ ಮೇಲೂ ಕೇಟರ್‌ಹ್ಯಾಮ್ ಸೆವೆನ್ ಬಿಡಿಭಾಗಗಳ ಕಿಟ್ ಆಗಿಯೂ ಸಿಗುತ್ತೆ. ಅಂದ್ರೆ ಇಷ್ಟು ದಿನ ಜನ 500 ಪೌಂಡ್ ಉಳಿಸ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡಿದ್ರೆ, ಅವರಲ್ಲಿ ಬಹಳಷ್ಟು ಜನ ನಿಜವಾಗಿ ಕೊಳ್ತಿದ್ದದ್ದು ಕಟ್ಟೋ ಕೆಲಸವನ್ನೇ.

ಆದರೆ ಇಲ್ಲೊಂದು ತೊಡಕಿತ್ತು. ಬರಬರುತ್ತಾ ಕೇಟರ್‌ಹ್ಯಾಮ್ ಕಿಟ್ ಕೂಡ ಸಾಮಾನ್ಯ ಜನರ ಕೈಗೆ ಎಟುಕದಷ್ಟು ದುಬಾರಿ ಆಯ್ತು. ಅದನ್ನ ಮತ್ತೆ ಕೆಳಗಿಳಿಸಿದವರು ರಾನ್ ಚಾಂಪಿಯನ್. 1996ರಲ್ಲಿ, ಕಾರ್ ರಿಪೇರಿ ಕೈಪಿಡಿಗಳಿಗೆ ಹೆಸರಾದ ಹೇನ್ಸ್ ಪ್ರಕಾಶನದಿಂದ ಅವರ ಪುಸ್ತಕ ಬಂತು. 250 ಪೌಂಡ್‌ನಷ್ಟು ಕಡಿಮೆ ಖರ್ಚಿನಲ್ಲಿ ನಿಮ್ಮ ಸ್ಪೋರ್ಟ್ಸ್ ಕಾರನ್ನು ನೀವೇ ಕಟ್ಟಿ ಅನ್ನೋ ಅರ್ಥದ ಹೆಸರು. ಹಳೇ ಭಾಗಗಳನ್ನ ಅಗ್ಗಕ್ಕೆ ಹುಡುಕಿ, ಬೇಡದ್ದನ್ನ ಮಾರಿ ಹೊಂದಿಸಿದಾಗ ಬರೋ ಲೆಕ್ಕ ಅದು. ಆದರೂ ಆ ಸಂಖ್ಯೆಗೆ ಜನ ಮರುಳಾದ್ರು. ಈ ಜಾತಿಯ ಕಾರಿಗೆ ಲೋಕಾಸ್ಟ್ ಅಂತ ಹೆಸರು ಬಿತ್ತು. ಕಡಿಮೆ ಖರ್ಚು ಅಂತಲೂ ಆಯ್ತು, ಲೋಟಸ್‌ನ ನೆರಳೂ ಆಯ್ತು.

ಇಲ್ಲಿ ಡಬ್ಬವೂ ಇಲ್ಲ, ಕಂಪನಿಯೂ ಇಲ್ಲ. ಮೊದಲು ಒಂದು ದಪ್ಪ ಹಲಗೆ ತರಬೇಕು, ಮಟ್ಟವಾಗಿ ಕೂರಿಸಬೇಕು. ಅದರ ಮೇಲೆ ಚಾಸಿಯ ನಕ್ಷೆಯನ್ನು ನಿಜ ಅಳತೆಯಲ್ಲಿ ಬರೀಬೇಕು. ಒಂದು ಇಂಚಿನ ಚೌಕ ಉಕ್ಕಿನ ಟ್ಯೂಬನ್ನು ಗ್ರೈಂಡರಿನಲ್ಲಿ ಕೊಯ್ದು, ಗೆರೆಯ ಮೇಲಿಟ್ಟು, ಅತ್ತಿತ್ತ ಸರಿಯದ ಹಾಗೆ ಪಕ್ಕದಲ್ಲಿ ಮರದ ತುಂಡು ಹೊಡೀಬೇಕು. ಆಮೇಲೆ ವೆಲ್ಡಿಂಗ್. ಹೊಸಬರು ಎಡವೋದು ಇಲ್ಲೇ. ಒಂದು ಮೂಲೆಯನ್ನು ಪೂರ್ತಿ ವೆಲ್ಡ್ ಮಾಡಿ ಮುಗಿಸಿಬಿಟ್ರೆ, ಕಾದ ಲೋಹ ಆರುವಾಗ ಎಳೆದು ಇಡೀ ಚೌಕಟ್ಟು ಸೊಟ್ಟ ಆಗುತ್ತೆ. ಅದಕ್ಕೆ ಮೊದಲು ಎಲ್ಲಾ ಕಡೆ ಚಿಕ್ಕ ಚಿಕ್ಕ ಚುಕ್ಕೆಯಷ್ಟು ಟ್ಯಾಕ್ ಹಾಕಿ, ಪಂಜರ ಪೂರ್ತಿ ನಿಂತ ಮೇಲೆ, ಆ ಕಡೆ ಒಂದು ಈ ಕಡೆ ಒಂದು ಅಂತ ವೆಲ್ಡ್ ಮುಗಿಸಬೇಕು. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ಒಂದು ಹಳೇ ಫೋರ್ಡ್ ಎಸ್ಕಾರ್ಟಿನಿಂದ. ಎಸ್ಕಾರ್ಟೇ ಯಾಕಂದ್ರೆ ಹಳೇ ಮಾದರಿಯಲ್ಲಿ ಇಂಜಿನ್ ಮುಂದೆ, ಓಟ ಹಿಂದಿನ ಚಕ್ರಕ್ಕೆ, ಸೆವೆನ್‌ಗೆ ಬೇಕಾದ್ದೂ ಅದೇ. ಆ ಎಸ್ಕಾರ್ಟುಗಳು ಅಪರೂಪ ಆದಾಗ 2007ರಲ್ಲಿ ಕ್ರಿಸ್ ಗಿಬ್ಸ್ ಬರೆದ ಇನ್ನೊಂದು ಹೇನ್ಸ್ ಪುಸ್ತಕ ಬಂತು, ಅದರಲ್ಲಿ ಫೋರ್ಡ್ ಸಿಯೆರಾದ ಭಾಗಗಳು.

ಚಾಂಪಿಯನ್ ಪುಸ್ತಕದ ಕೆಲವು ಅಳತೆಗಳಲ್ಲಿ ತಪ್ಪಿತ್ತು. ಪುಸ್ತಕ ನೋಡಿ ಟ್ಯೂಬ್ ಕೊಯ್ದವರಿಗೆ ಎರಡು ತುದಿ ಕೂಡದೇ ಇದ್ದಾಗ ಗೊತ್ತಾಯ್ತು. ಅವರು ಬೈದು ಸುಮ್ಮನಾಗಲಿಲ್ಲ, ತಿದ್ದುಪಡಿಯ ಪಟ್ಟಿ ಮಾಡಿ ಹಂಚಿದ್ರು. ಎತ್ತರದವರಿಗೆ, ದಪ್ಪ ಇರೋರಿಗೆ ಅಂತ ಅಗಲ ಮಾಡಿದ ನಕ್ಷೆಗಳನ್ನೂ ಬರೆದು ಹಂಚಿದ್ರು. ಓಪನ್ ಸೋರ್ಸ್ ಅಂದ್ರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಎಲ್ಲರೂ ಮುಗಿಸಿದ್ರಾ? ಇಲ್ಲ. ಅರ್ಧಕ್ಕೆ ನಿಂತ ಕಿಟ್ ಕಾರುಗಳು ಅಲ್ಲಿ ಯಾವಾಗಲೂ ಮಾರಾಟಕ್ಕೆ ಇರ್ತಾವೆ. ಚಾಸಿ ನಿಂತಾಗ ಮೈಯೆಲ್ಲ ಹುಮ್ಮಸ್ಸು. ಬ್ರೇಕ್ ಪೈಪು, ವೈರಿಂಗ್ ಹತ್ತಿರ ಬಂದಾಗ ಸುಸ್ತು. ಮಗು ಹುಟ್ಟುತ್ತೆ, ಕೆಲಸ ಬದಲಾಗುತ್ತೆ, ಶೆಡ್ಡಿನಲ್ಲಿ ಕಾರಿನ ಮೇಲೆ ಬಟ್ಟೆ ಒಣಹಾಕ್ತಾರೆ. ಶೇಕಡ 90 ಮುಗಿದಿದೆ ಅನ್ನೋ ಪ್ರಾಜೆಕ್ಟಿನ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗ ವಾಷರ್ ಕಥೆಗೆ ಬರ್ತೀನಿ. ಹವ್ಯಾಸಿ ಕಟ್ಟಿದ ಕಾರು ಅವನೊಬ್ಬನದೇ ವಿಷಯ ಅಲ್ಲ. ಅದು ಓಡೋದು ಎಲ್ಲರ ರಸ್ತೆಯಲ್ಲಿ. ಅವನ ವೆಲ್ಡ್ ಬಿಟ್ರೆ ಸಾಯೋದು ಎದುರಿಗೆ ಬರೋನು ಇರಬಹುದು. ಬ್ರಿಟನ್ 1998ರಲ್ಲಿ ಇಂಥ ಒಂದೊಂದೇ ಕಾರಿಗೆ ಎಸ್‌ವಿಎ ಅನ್ನೋ ಪರೀಕ್ಷೆ ತಂತು, 2009ರಲ್ಲಿ ಅದರ ಜಾಗಕ್ಕೆ ಇನ್ನೂ ಬಿಗಿಯಾದ ಐವಿಎ ಬಂತು. ಸರ್ಕಾರಿ ಪರೀಕ್ಷಕ ನಿಮ್ಮ ಡಿಗ್ರಿ ಕೇಳಲ್ಲ. ನೀವೇ ಕಟ್ಟಿದ್ದು ಅನ್ನೋದಕ್ಕೆ ಫೋಟೊ, ರಸೀದಿ ತೋರಿಸಬೇಕು. ಆಮೇಲೆ ಅವನ ನೋಟ ಕಾರಿನ ಮೇಲೆ. ಬ್ರೇಕ್, ಸ್ಟೀರಿಂಗ್, ಸೀಟ್ ಬೆಲ್ಟ್ ಕಚ್ಚಿಕೊಂಡ ಜಾಗ, ಹೊಗೆ, ಶಬ್ದ, ಕನ್ನಡಿ, ದೀಪ, ಸ್ಪೀಡೋಮೀಟರ್. ದಾರಿಹೋಕರಿಗೆ ತಾಗಬಹುದಾದ ಹೊರಗಿನ ಅಂಚುಗಳು ಚೂಪಾಗಿರಬಾರದು, ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದ ದುಂಡು ಇರಬೇಕು. ಫೇಲಾದ್ರೆ ಪಟ್ಟಿ ಕೊಡ್ತಾರೆ. ಸರಿ ಮಾಡಿಕೊಂಡು ಮತ್ತೆ ಹೋಗಬಹುದು. ಪಾಸಾದ್ರೆ ನಂಬರ್ ಪ್ಲೇಟ್.

ನಮ್ಮ ಅಪ್ಪ ಬಾಗಿಲಲ್ಲಿ ನಿಂತಿದ್ದು ಹೀಗೇ ಅಲ್ವಾ? ಸ್ಕೂಟರ್ ಮುಟ್ಟಬೇಡ ಅಂತ ಅವರು ಅನ್ನಲಿಲ್ಲ. ವಾಷರ್ ಲೆಕ್ಕ ಕೊಟ್ಟು ಹೋಗು ಅಂದ್ರು.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ವಾಹನದ ಮಾದರಿಗೆ ಮೊದಲು ಒಪ್ಪಿಗೆ ಸಿಗಬೇಕು. ಕಾರು ಕಂಪನಿಗಳು ಪುಣೆಯ ಎಆರ್‌ಎಐ ಥರದ ಸಂಸ್ಥೆಗಳಲ್ಲಿ ಪ್ರೋಟೊಟೈಪ್ ಪರೀಕ್ಷೆ ಮಾಡಿಸೋದು ಇದಕ್ಕೇ. ನೋಂದಣಿಗೆ ತಯಾರಕರ ಪ್ರಮಾಣಪತ್ರ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಮಾಲೀಕ ವಾಹನವನ್ನು ಮಾರ್ಪಡಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಖಚಿತಪಡಿಸಿತು. ಇದಕ್ಕೆ ಕಾರಣಾನೂ ಇದೆ. ನಮ್ಮ ರಸ್ತೆಗಳಲ್ಲಿ ಸಾಯೋರ ಸಂಖ್ಯೆ ನೋಡಿದ್ರೆ ಬಿಗಿ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಬ್ರಿಟನ್ನಿನಲ್ಲಿ ಇರೋ ಹಾಗೆ, ಒಬ್ಬ ಹವ್ಯಾಸಿ ತಾನು ಕಟ್ಟಿದ ಒಂದೇ ಒಂದು ಕಾರನ್ನು ತಗೊಂಡು ಹೋಗಿ, ಪರೀಕ್ಷೆ ಮಾಡಿ ಅಂತ ನಿಲ್ಲೋ ಸುಲಭದ ಬಾಗಿಲು ನಮ್ಮಲ್ಲಿ ಇಲ್ಲ.

ಹಾಗಂತ ಕಟ್ಟಿದವರೇ ಇಲ್ಲ ಅಂತಲ್ಲ. ಮುಂಬೈನವರು ವೀಕೆಂಡಿಗೆ ಹೋಗೋ ಅಲಿಬಾಗಿನಲ್ಲಿ ಚಿಂಕಾರಾ ಮೋಟರ್ಸ್ ಅನ್ನೋ ಪುಟ್ಟ ಕಂಪನಿ ಸೆವೆನ್ ಮಾದರಿಯದೇ ರೋಡ್‌ಸ್ಟರ್ ತಯಾರಿಸ್ತು, 1.8 ಲೀಟರ್ ಇಸುಜು ಇಂಜಿನ್ ಹಾಕಿ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800 ಇಂಜಿನ್ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದ್ರು. ನಾರಾಯಣ್ ಕಾರ್ತಿಕೇಯನ್ ರೇಸಿಂಗ್ ಶುರು ಮಾಡಿದ್ದು ಆ ಕಾರಿನಲ್ಲೇ. ಈಗ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಅವರ ಹೆಸರಿನದು. ಅದೇ ಟ್ರ್ಯಾಕಿನಲ್ಲಿ ಫಾರ್ಮುಲಾ ಭಾರತ್ ಸ್ಪರ್ಧೆಗೆ ಕಾಲೇಜು ಹುಡುಗ ಹುಡುಗಿಯರು ತಾವೇ ಕಟ್ಟಿದ ಕಾರು ತರ್ತಾರೆ. ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆ 2007ರಿಂದಲೇ ಇದೆ. ಅಲ್ಲೂ ಓಡಿಸೋಕೆ ಮುಂಚೆ ತಾಂತ್ರಿಕ ಪರೀಕ್ಷೆ ಪಾಸಾಗಬೇಕು. ಆ ಮಕ್ಕಳಲ್ಲಿ ಎಷ್ಟೋ ಜನ ಅಂತಿಮ ವರ್ಷ ಮುಗಿಸಿ ನಮ್ಮ ಪಕ್ಕದ ಕ್ಯುಬಿಕಲ್‌ಗೆ ಬರ್ತಾರೆ, ನಮ್ಮ ಹಾಗೇ. ಅವರ ಕಾರು ಕಾಲೇಜಿನ ಶೆಡ್ಡಿನಲ್ಲೇ ಉಳಿಯುತ್ತೆ.

ನನ್ನ ಮಟ್ಟಿಗೆ ಈ ಇತಿಹಾಸದ ಸಾರ ಇಷ್ಟು. ಗೊತ್ತಿಲ್ಲದವನು ಮಾಡಬಾರದು ಅಂತ ಹೇಳೋದು ಸುಲಭ. ಮಾಡು, ಆದರೆ ಮಾಡಿದ್ದನ್ನ ತೋರಿಸು ಅಂತ ಹೇಳೋದಕ್ಕೆ ಒಂದು ವ್ಯವಸ್ಥೆ ಬೇಕು, ಪರೀಕ್ಷಕ ಬೇಕು, ಫೇಲಾದ್ರೆ ಮತ್ತೆ ಬರೋ ಅವಕಾಶ ಬೇಕು. ನಾವು ದಿನಾ ಕೆಲಸದಲ್ಲಿ ಇದನ್ನೇ ಮಾಡ್ತೀವಿ. ನಿನ್ನೆ ಸೇರಿದ ಹುಡುಗಿಯ ಕೋಡನ್ನೂ ರಿವ್ಯೂ ಮಾಡಿ, ಟೆಸ್ಟ್ ಓಡಿಸಿ, ಪ್ರೊಡಕ್ಷನ್‌ಗೆ ಬಿಡ್ತೀವಿ.

ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ನಾನು ವೆಲ್ಡಿಂಗ್ ಶುರು ಮಾಡಿದ್ರೆ ಸಾಯಂಕಾಲದೊಳಗೆ ಸೆಕ್ರೆಟರಿ ನೋಟಿಸ್ ಬರುತ್ತೆ, ಅದು ಬೇರೆ ಮಾತು. ಸದ್ಯಕ್ಕೆ ಮುಂದಿನ ಸಲ ಊರಿಗೆ ಹೋದಾಗ ಚೇತಕ್‌ನ ಕ್ಲಚ್ ಬಿಚ್ಚಬೇಕು ಅಂತಿದ್ದೀನಿ. ಅಪ್ಪ ಒಪ್ಪಿದ್ದಾರೆ, ಒಂದು ಸ್ಟೀಲ್ ತಟ್ಟೆ ಪಕ್ಕದಲ್ಲಿ ಇಟ್ಕೋಬೇಕು ಅನ್ನೋ ಷರತ್ತಿನ ಮೇಲೆ. ಬಿಚ್ಚಿದ್ದೆಲ್ಲ ಅದರಲ್ಲೇ ಹಾಕಬೇಕಂತೆ. ನೀವೂ ಏನಾದರೂ ಬಿಚ್ಚಿ ಕೂರಿಸಿದ್ರೆ, ಏನು ಉಳೀತು ಅಂತ ಬರೆದು ತಿಳಿಸಿ.